ಹಾಸಿಗೆಯ ಪಕ್ಕದ ಮಾತು: ತೀವ್ರ ನಿಗಾ ಘಟಕದ ಶುಶ್ರೂಷಕರಿಗೆ ಬೇಕಾದ ತರಬೇತಿ ಯಾವುದು?

ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿದ ಒಂದು ಆದೇಶ ಬಹಳಷ್ಟು ಜನರನ್ನು ಗೊಂದಲಕ್ಕೆ ಕೆಡವಿತು. ಚೇತರಿಸಿಕೊಳ್ಳುವ ಆಸೆ ಉಳಿಯದ ರೋಗಿಗೆ ಕೊಡುತ್ತಿರುವ ಜೀವರಕ್ಷಕ ಚಿಕಿತ್ಸೆಯನ್ನು ಯಾವ ಕ್ರಮ ಅನುಸರಿಸಿ ನಿಲ್ಲಿಸಬಹುದು ಎಂದು ಸುಪ್ರೀಂ ಕೋರ್ಟಿನ ತೀರ್ಪಿಗೆ ಅನುಗುಣವಾಗಿ ತಿಳಿಸುವ ಆದೇಶ ಅದು. ಆದರೆ ಅದನ್ನು ‘ದಯಾಮರಣಕ್ಕೆ ಸರ್ಕಾರದ ಒಪ್ಪಿಗೆ’ ಎಂದು ಓದಿಕೊಂಡವರೇ ಹೆಚ್ಚು. ಇದು ದಯಾಮರಣವಲ್ಲ, ಜೀವರಕ್ಷಕ ಯಂತ್ರದ ಮೇಲಿದ್ದು ಚಿಕಿತ್ಸೆಗೆ ಸ್ಪಂದಿಸದ ರೋಗಿಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಸ್ಪಷ್ಟಪಡಿಸಬೇಕಾಯಿತು. ಅದಕ್ಕೂ ಒಂದು ವರ್ಷ ಮೊದಲು, 2024ರ ಆರಂಭದಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೊಂದು ಇದೇ ಬಗೆಯ ಚರ್ಚೆ ಎಬ್ಬಿಸಿತ್ತು. ರೋಗಿ ಅಥವಾ ಮನೆಯವರು ಬೇಡವೆಂದರೆ ತೀವ್ರ ನಿಗಾ ಘಟಕಕ್ಕೆ ದಾಖಲಿಸಬಾರದು ಎಂಬ ಮಾತು ಅದರಲ್ಲಿತ್ತು.

ಎರಡರ ಭಾರವೂ ಒಂದೇ ಕಂಬದ ಮೇಲೆ ನಿಂತಿದೆ: ಮನೆಯವರು ಪರಿಸ್ಥಿತಿಯನ್ನು ಸರಿಯಾಗಿ ಅರ್ಥ ಮಾಡಿಕೊಂಡು ತಮ್ಮ ಅಭಿಪ್ರಾಯ ಹೇಳಬೇಕು. ಹಾಗೆ ಅರ್ಥ ಮಾಡಿಸುವವರು ಯಾರು? ಕಾಗದದ ಮೇಲೆ ವೈದ್ಯರು. ರಾತ್ರಿ ಎರಡು ಗಂಟೆಗೆ ಘಟಕದ ಗಾಜಿನ ಬಾಗಿಲಲ್ಲಿ ನಿಂತ ಮಗನ ಎದುರಿಗಿರುವವರು ಮಾತ್ರ ಪಾಳಿಯ ಶುಶ್ರೂಷಕಿ. ಅವರ ಭಾಷೆ ಒಂದು, ಅವನ ಭಾಷೆ ಇನ್ನೊಂದು ಆಗಿರುವುದು ಬೆಂಗಳೂರಿನಂಥ ಊರಿನಲ್ಲಿ ದಿನನಿತ್ಯದ ಸಂಗತಿ. ವಿವಿಧ ಭಾಷೆ, ಧರ್ಮ, ಆಚಾರಗಳ ರೋಗಿಗಳನ್ನು ನೋಡಿಕೊಳ್ಳುವ ತರಬೇತಿ ತೀವ್ರ ನಿಗಾ ಘಟಕದ ಶುಶ್ರೂಷಕರಿಗೆ ಏಕೆ ಬೇಕು, ಅದು ಹೇಗಿರಬೇಕು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಆದೇಶದಲ್ಲಿ ಇರುವುದೇನು, ಇಲ್ಲದಿರುವುದೇನು

2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದಿತು. ಆಗ ವಿಧಿಸಿದ ಷರತ್ತುಗಳು ಪಾಲಿಸಲಾಗದಷ್ಟು ಜಟಿಲವಾಗಿದ್ದ ಕಾರಣ 2023ರ ಜನವರಿ 24ರಂದು ಅವುಗಳನ್ನು ಸಡಿಲಿಸಲಾಯಿತು. ಈಗಿನ ಕ್ರಮದಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ ಮೊದಲು ಅಭಿಪ್ರಾಯ ಕೊಡಬೇಕು. ಆಮೇಲೆ, ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರು ಸೇರಿದ ಮೂವರ ದ್ವಿತೀಯ ಮಂಡಳಿ ಅದನ್ನು ಒಪ್ಪಬೇಕು. ರೋಗಿಯ ಹತ್ತಿರದ ಬಂಧುಗಳ ಸಮ್ಮತಿ ಬೇಕು. ಕೊನೆಗೆ ವಿಷಯವನ್ನು ಮ್ಯಾಜಿಸ್ಟ್ರೇಟರ ಗಮನಕ್ಕೆ ತರಬೇಕು. ಪ್ರತಿ ಮಂಡಳಿಯೂ ಸಾಧ್ಯವಾದರೆ 48 ಗಂಟೆಯೊಳಗೆ ಅಭಿಪ್ರಾಯ ನೀಡಬೇಕೆಂಬ ನಿರೀಕ್ಷೆಯಿದೆ.

ಈ ಕ್ರಮ ಎಚ್ಚರಿಕೆಯಿಂದ ಕಟ್ಟಿದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಎರಡೂ ಮಂಡಳಿಗಳಲ್ಲಿ ಶುಶ್ರೂಷಕರಿಗೆ ಜಾಗವಿಲ್ಲ. ರೋಗಿಯ ಪಕ್ಕದಲ್ಲಿ ಹನ್ನೆರಡು ಗಂಟೆ ನಿಂತವರಿಗೆ ಗೊತ್ತಿರುವ ಸಂಗತಿಗಳು ತೀರ್ಮಾನದೊಳಗೆ ಬರುವ ದಾರಿಯನ್ನು ಯಾರೂ ಗುರುತಿಸಿಲ್ಲ. ಸಹಿ ಹಾಕಿದವನು ಹಿರಿಯ ಮಗ, ನಿಜವಾಗಿ ಆರೈಕೆ ಮಾಡುತ್ತ ಬಂದವಳು ಕಿರಿಯ ಮಗಳು ಎಂಬುದು ಶುಶ್ರೂಷಕಿಗೆ ಗೊತ್ತಿರುತ್ತದೆ. ‘ವೆಂಟಿಲೇಟರ್ ತೆಗೆಯುವುದು’ ಎಂದಾಗ ಮನೆಯವರು ‘ಉಸಿರು ಕಟ್ಟಿಸುವುದು’ ಎಂದು ತಿಳಿದುಕೊಂಡರು ಎಂಬುದೂ ಅವರಿಗೇ ಮೊದಲು ಗೊತ್ತಾಗುತ್ತದೆ, ಅದೂ ಪರಸ್ಪರ ಭಾಷೆ ತಿಳಿದಿದ್ದರೆ.

ರಾಜ್ಯದ ಭಾಷೆಗಳು, ಘಟಕದ ಭಾಷೆಗಳು

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆಯವರು ಶೇ 66ಕ್ಕೂ ಸ್ವಲ್ಪ ಹೆಚ್ಚು. ಉರ್ದು ಶೇ 11ರ ಆಸುಪಾಸು, ತೆಲುಗು ಶೇ 6ರಷ್ಟು. ಅನಂತರ ತಮಿಳು, ಮರಾಠಿ, ಹಿಂದಿ, ತುಳು, ಕೊಂಕಣಿ, ಮಲಯಾಳ. ಅಂದರೆ ಮೂವರು ರೋಗಿಗಳಲ್ಲಿ ಒಬ್ಬರ ಮನೆಮಾತು ಕನ್ನಡವಲ್ಲ. ಇನ್ನೊಂದು ಬದಿಯಲ್ಲಿ, ರಾಜ್ಯದ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದಿಂದ, ಪಶ್ಚಿಮ ಬಂಗಾಳದಿಂದ, ಈಶಾನ್ಯ ರಾಜ್ಯಗಳಿಂದ ಬಂದು ಓದುವವರು ಬಹಳ. ಓದು ಮುಗಿದ ಮೇಲೆ ಅವರಲ್ಲಿ ಅನೇಕರು ಇಲ್ಲಿನ ಖಾಸಗಿ ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲೇ ಕೆಲಸಕ್ಕೆ ಸೇರುತ್ತಾರೆ.

ಹೀಗಾಗಿ ಭಿನ್ನತೆ ಎಂಬುದು ಇಲ್ಲಿ ರೋಗಿಯದಷ್ಟೇ ಅಲ್ಲ, ಆರೈಕೆ ಮಾಡುವವರದೂ ಹೌದು. ಪಾಶ್ಚಾತ್ಯ ಪಠ್ಯಗಳು ಹೆಚ್ಚಾಗಿ ಸ್ಥಳೀಯ ಶುಶ್ರೂಷಕಿ ಮತ್ತು ವಲಸೆ ಬಂದ ರೋಗಿಯ ನಡುವಿನ ಅಂತರವನ್ನು ಮುಂದಿಟ್ಟುಕೊಂಡು ಬರೆದವು. ಬೆಂಗಳೂರು, ಮಂಗಳೂರುಗಳಲ್ಲಿ ಚಿತ್ರ ಬಹಳ ಸಲ ತಿರುಗುಮುರುಗು: ರೋಗಿ ಈ ನೆಲದವನು, ಶುಶ್ರೂಷಕಿ ದೂರದವಳು. ಕನ್ನಡದೊಳಗೂ ಅಂತರವಿದೆ. ಕಲಬುರಗಿಯ ಕಡೆಯ ಹಿರಿಯರೊಬ್ಬರು ‘ಎದ್ಯಾಗ ಕಳವಳ ಆಗ್ಲಿಕ್ಕತ್ತದ’ ಎಂದರೆ ಅದನ್ನು ಮನಸ್ಸಿನ ಆತಂಕವೆಂದು ಬರೆದುಕೊಳ್ಳುವುದು ಹಳೆ ಮೈಸೂರಿನ ಶುಶ್ರೂಷಕಿಗೂ ಸುಲಭ. ಅದೇ ಮಾತು ಹೃದಯದ ಬಡಿತ ತಪ್ಪಿರುವುದರ ಸೂಚನೆಯೂ ಆಗಿರಬಹುದು. ಸುಸ್ತು, ಸಂಕಟ, ಉಬ್ಬಸ, ದಮ್ಮು, ಆಯಾಸ, ಏದುಸಿರು ಎಂಬ ಮಾತುಗಳು ಊರಿಂದ ಊರಿಗೆ ಅರ್ಥದಲ್ಲಿ ಸ್ವಲ್ಪ ಸ್ವಲ್ಪ ಸರಿಯುತ್ತವೆ. ಇಂಗ್ಲಿಷಿನ ಕೇಸ್ ಶೀಟಿಗೆ ಇಳಿಯುವಾಗ ಮಾತ್ರ ಎಲ್ಲವೂ ಒಂದೆರಡು ಪದಗಳಾಗಿ ಕುಗ್ಗುತ್ತವೆ.

ತಪ್ಪು ಅಂಕ, ತಪ್ಪು ಔಷಧ

ಸಾಂಸ್ಕೃತಿಕ ತರಬೇತಿ ಎಂದರೆ ನಯವಾಗಿ ಮಾತನಾಡುವುದನ್ನು ಕಲಿಸುವುದು ಎಂಬ ತಿಳಿವಳಿಕೆ ಆಡಳಿತಗಾರರಲ್ಲಿ ವ್ಯಾಪಕವಾಗಿದೆ. ಅದು ಎಷ್ಟು ಅಪಾಯಕಾರಿ ಎಂದು ತಿಳಿಯಲು ಒಂದು ಪರೀಕ್ಷೆಯನ್ನು ಹತ್ತಿರದಿಂದ ನೋಡಿದರೆ ಸಾಕು.

ತೀವ್ರ ನಿಗಾ ಘಟಕದ ರೋಗಿಗಳಲ್ಲಿ ಡೆಲಿರಿಯಮ್, ಅಂದರೆ ಹಠಾತ್ತನೆ ಉಂಟಾಗುವ ಬುದ್ಧಿಯ ಮಬ್ಬು, ಸಾಮಾನ್ಯ. ಅದನ್ನು ಪತ್ತೆಹಚ್ಚಲು ‘ಕ್ಯಾಮ್ ಐಸಿಯು’ ಎಂಬ ಪರೀಕ್ಷೆಯನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ಶುಶ್ರೂಷಕಿ ರೋಗಿಯ ಕೈ ಹಿಡಿದು ಇಂಗ್ಲಿಷಿನ ಹತ್ತು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾರೆ; ‘ಎ’ ಎಂಬ ಅಕ್ಷರ ಕೇಳಿದಾಗಲೆಲ್ಲ ರೋಗಿ ಕೈ ಅದುಮಬೇಕು. ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ಕುಂದಿದೆ ಎಂದರ್ಥ. ಮುಂದಿನ ಹಂತದಲ್ಲಿ, ಕಲ್ಲು ನೀರಿನಲ್ಲಿ ತೇಲುತ್ತದೆಯೇ, ಸಮುದ್ರದಲ್ಲಿ ಮೀನಿವೆಯೇ ಎಂಬಂಥ ನಾಲ್ಕು ಸರಳ ಪ್ರಶ್ನೆಗಳು ಬರುತ್ತವೆ. ಈಗ ಇಂಗ್ಲಿಷ್ ಅಕ್ಷರ ಓದದ, ಹಿಂದಿ ತಿಳಿಯದ ರಾಯಚೂರಿನ ಕೃಷಿ ಕಾರ್ಮಿಕ ಮಹಿಳೆಯೊಬ್ಬರು ಗಂಟಲಲ್ಲಿ ನಳಿಕೆ ಹೊತ್ತು ಮಲಗಿದ್ದಾರೆ ಎಂದುಕೊಳ್ಳಿ. ಶುಶ್ರೂಷಕಿ ತನಗೆ ಬಂದ ಭಾಷೆಯಲ್ಲಿ ಸೂಚನೆ ಕೊಡುತ್ತಾರೆ. ಮಹಿಳೆ ಕೈ ಅದುಮುವುದಿಲ್ಲ. ಬೇರೆ ಲಕ್ಷಣಗಳೂ ಇದ್ದಂತೆ ತೋರಿದರೆ ‘ಡೆಲಿರಿಯಮ್ ಇದೆ’ ಎಂದು ದಾಖಲಾಗುತ್ತದೆ. ಆಕೆ ಗಾಬರಿಯಿಂದ ನಳಿಕೆಯ ಕಡೆಗೆ ಕೈ ಚಾಚಿದರೆ ಆ ದಾಖಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಕೈ ಕಟ್ಟುತ್ತಾರೆ, ಮಂಪರಿನ ಔಷಧ ಏರಿಸುತ್ತಾರೆ. ಮಂಪರು ಹೆಚ್ಚಾದರೆ ವೆಂಟಿಲೇಟರಿನಿಂದ ಬಿಡಿಸುವುದು ತಡವಾಗುತ್ತದೆ, ತಡವಾದಷ್ಟೂ ಸೋಂಕಿನ ಸಾಧ್ಯತೆ ಏರುತ್ತದೆ, ಅತಿ ಮಂಪರು ಸ್ವತಃ ನಿಜವಾದ ಡೆಲಿರಿಯಮ್ಮಿಗೆ ದಾರಿ ಮಾಡಿಕೊಡುತ್ತದೆ. ಒಂದು ವಾಕ್ಯ ಅರ್ಥವಾಗದೆ ಹೋದುದರ ಬೆಲೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ.

ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಮಾಪಕದ್ದೂ ಇದೇ ಕಥೆ. ಹೇಳಿದಂತೆ ಕೈಕಾಲು ಆಡಿಸಿದರೆ ಚಲನೆಗೆ 6 ಅಂಕ. ಸೂಚನೆ ಅರ್ಥವಾಗದೆ ಸುಮ್ಮನಿದ್ದರೆ ಅಂಕ ಕೆಳಗಿಳಿಯುತ್ತದೆ. ಹೆಸರು, ಊರು, ತಿಂಗಳು ಕೇಳಿದಾಗ ಸಮಂಜಸ ಉತ್ತರ ಬಾರದಿದ್ದರೆ ಮಾತಿನ ಅಂಕವೂ ಇಳಿಯುತ್ತದೆ. ಅಷ್ಟಕ್ಕೇ ತಲೆಯ ಸ್ಕ್ಯಾನಿಗೆ ಕಳುಹಿಸುವ ತೀರ್ಮಾನ ಆಗಬಹುದು. ತದ್ವಿರುದ್ಧವಾದುದೂ ಆಗುತ್ತದೆ: ‘ಭಾಷೆ ಗೊತ್ತಿಲ್ಲ, ಅದಕ್ಕೇ ಉತ್ತರ ಕೊಡುತ್ತಿಲ್ಲ’ ಎಂದು ಸಮಾಧಾನ ಪಟ್ಟುಕೊಂಡು, ಮಿದುಳಿನೊಳಗೆ ನಿಜವಾಗಿ ಒತ್ತಡ ಏರುತ್ತಿರುವುದನ್ನು ಕಾಣದೆ ಹೋಗುವುದು.

ನೋವಿನ ವಿಷಯದಲ್ಲಿ ಸಮಾಧಾನದ ಒಂದು ಅಂಶವಿದೆ. ಮಾತಾಡಲಾರದ ರೋಗಿಗಳಿಗಾಗಿ ರೂಪಿಸಿದ ವರ್ತನೆ ಆಧಾರಿತ ಮಾಪಕಗಳು ಮುಖದ ಬಿಗಿತ, ತೋಳುಗಳ ಚಲನೆ, ವೆಂಟಿಲೇಟರಿನೊಂದಿಗೆ ಉಸಿರಿನ ಹೊಂದಾಣಿಕೆ ಇವುಗಳನ್ನು ನೋಡಿ ಅಂಕ ಕೊಡುತ್ತವೆ. ಆದರೆ ಅವೂ ಪೂರ್ತಿ ನಿರಪೇಕ್ಷವಲ್ಲ. ಹೆರಿಗೆಯ ನೋವನ್ನೂ ಹಲ್ಲುಕಚ್ಚಿ ನುಂಗಬೇಕೆಂದು ಹೇಳಿಸಿಕೊಂಡು ಬೆಳೆದ ಹೆಣ್ಣುಮಗಳ ಮುಖ ಎಷ್ಟು ಬಿಗಿಯಾಗುತ್ತದೆ? ಜೋರಾಗಿ ನರಳುವವರಿಗೆ ಬೇಗ ಮದ್ದು, ಸುಮ್ಮನಿರುವವರಿಗೆ ತಡವಾಗಿ ಮದ್ದು ಎಂಬಂತಾದರೆ ಆ ಅನ್ಯಾಯ ಯಾವ ದಾಖಲೆಯಲ್ಲೂ ಕಾಣಿಸುವುದಿಲ್ಲ.

ಕೊರಳ ತಾಳಿ, ಕರಡಿಗೆಯ ಲಿಂಗ, ತೋಳಿನ ತಾಯಿತ

ಕುತ್ತಿಗೆಯ ರಕ್ತನಾಳಕ್ಕೆ ಸೆಂಟ್ರಲ್ ಲೈನ್, ಅಂದರೆ ಔಷಧ ಕೊಡುವ ನಳಿಕೆ, ಹಾಕಬೇಕಾದಾಗ ತಾಳಿ ಅಡ್ಡ ಬರುತ್ತದೆ. ಅದನ್ನು ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮನೆಯವರ ಕೈಗಿಟ್ಟರೆ ವೈದ್ಯಕೀಯವಾಗಿ ಕೆಲಸ ಮುಗಿಯಿತು. ಗಂಡ ಬದುಕಿರುವಾಗ ಕೊರಳು ಬರಿದಾಗುವುದನ್ನು ಅಶುಭವೆಂದು ನಂಬಿದ ಹೆಂಗಸಿಗೆ ಮಾತ್ರ, ತನ್ನ ಪ್ರಾಣ ತೂಗುಯ್ಯಾಲೆಯಲ್ಲಿರುವ ಹೊತ್ತಿನಲ್ಲೇ ಇನ್ನೊಂದು ಭಯ ಕೂಡಿಕೊಳ್ಳುತ್ತದೆ. ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ತಾಳಿಯ ಬದಲಿಗೆ ಧರಿಸುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಆ ದಾರವನ್ನು ಲೈನಿನಿಂದ ದೂರವಿರುವ ಕೈಗೆ ಸಡಿಲವಾಗಿ ಕಟ್ಟಿದರೆ ಸೋಂಕಿನ ನಿಯಮಕ್ಕೂ ಭಂಗವಿಲ್ಲ, ಆಕೆಯ ಮನಸ್ಸಿಗೂ ಭಂಗವಿಲ್ಲ. ಹೀಗೆ ಮಾಡಬಹುದೇ ಎಂದು ಮನೆಯವರನ್ನು ಕೇಳಲು ಒಂದು ನಿಮಿಷ ಸಾಕು.

ಲಿಂಗಾಯತರಿಗೆ ಇಷ್ಟಲಿಂಗ ಆಭರಣವಲ್ಲ. ದೇಹದಿಂದ ಅಗಲಿಸಬಾರದ ಸಂಗಾತಿ. ಎಂಆರ್‌ಐ ಕೋಣೆಗೆ ಲೋಹದ ಕರಡಿಗೆಯನ್ನು ಒಯ್ಯುವಂತಿಲ್ಲ ಎಂಬುದೂ ಅಷ್ಟೇ ಕಟ್ಟುನಿಟ್ಟು. ಲಿಂಗವನ್ನು ಕರಡಿಗೆಯಿಂದ ತೆಗೆದು ಬಟ್ಟೆಯಲ್ಲಿ ಸುತ್ತಿ ಮನೆಯ ಹಿರಿಯರ ಕೈಗೆ ಒಪ್ಪಿಸಬಹುದೇ, ಸ್ಕ್ಯಾನ್ ಮುಗಿದ ಕೂಡಲೇ ಮತ್ತೆ ಧರಿಸಬಹುದೇ ಎಂದು ಮೊದಲೇ ಮಾತಾಡಿಕೊಂಡರೆ ಸ್ಕ್ಯಾನ್ ಬಾಗಿಲಲ್ಲಿ ಜಗಳವಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನ ಒಳಪದರದಿಂದ ತಯಾರಾಗುತ್ತದೆ ಎಂಬುದು ಮುಸ್ಲಿಂ ರೋಗಿಗೆ ತಿಳಿಯಬೇಕಾದ ಸಂಗತಿ. ಜೀವ ಉಳಿಸುವ ಅನಿವಾರ್ಯದಲ್ಲಿ ನಿಷಿದ್ಧಕ್ಕೂ ವಿನಾಯಿತಿಯುಂಟು ಎಂಬ ತತ್ವ ಇಸ್ಲಾಮೀ ಧರ್ಮಶಾಸ್ತ್ರದಲ್ಲಿದ್ದು, ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಹೇಳದೆ ಕೊಟ್ಟು, ಆಮೇಲೆ ಬೇರೆಯವರಿಂದ ತಿಳಿದಾಗ ಉಂಟಾಗುವ ಅವಿಶ್ವಾಸ ಮಾತ್ರ ಮುಂದಿನ ಪ್ರತಿಯೊಂದು ಚುಚ್ಚುಮದ್ದಿನ ಮೇಲೂ ನೆರಳು ಹಾಯಿಸುತ್ತದೆ.

ಎಲ್ಲಕ್ಕೂ ಒಪ್ಪಿಗೆ ಕೊಡಬೇಕೆಂದು ಇದರ ಅರ್ಥವಲ್ಲ. ದೇಹದಲ್ಲಿ ನೀರು ತುಂಬಿ ತೋಳು ಊದಿಕೊಂಡಾಗ ತಾಯಿತದ ದಾರ ಮಾಂಸದೊಳಕ್ಕೆ ಇಳಿಯುತ್ತದೆ, ರಕ್ತ ಸಂಚಾರ ನಿಲ್ಲುತ್ತದೆ. ಅದನ್ನು ಕತ್ತರಿಸಲೇಬೇಕು. ಊರಿನ ನಾಟಿ ವೈದ್ಯರ ಸೊಪ್ಪಿನ ರಸವನ್ನು ಮೂಗಿನ ನಳಿಕೆಯಲ್ಲಿ ಹಾಕಿ ಎಂದರೆ ಬೇಡವೆನ್ನಲೇಬೇಕು. ಪ್ರಶ್ನೆಯಿರುವುದು ಹೇಗೆ ಬೇಡವೆನ್ನುವುದು ಎಂಬಲ್ಲಿ: ಕತ್ತರಿಸಿದ ತಾಯಿತವನ್ನು ಕಸದ ಡಬ್ಬಿಗೆ ಎಸೆಯುವುದಕ್ಕೂ, ತೊಳೆದು ದಿಂಬಿನ ಬಳಿ ಇಡುವುದಕ್ಕೂ ಇರುವ ವ್ಯತ್ಯಾಸವನ್ನು ಕಲಿಸಬೇಕಾಗಿದೆ.

ಮೂರು ನಿಲುವುಗಳು

‘ವೈದ್ಯಕೀಯಕ್ಕೆ ಜಾತಿ ಧರ್ಮವಿಲ್ಲ, ಎಲ್ಲರಿಗೂ ಒಂದೇ ಆರೈಕೆ’ ಎಂಬುದು ಮೊದಲ ನಿಲುವು. ಅದರ ಹಿಂದಿನ ಕಾಳಜಿಯನ್ನು ಹಗುರಾಗಿ ಕಾಣುವಂತಿಲ್ಲ. ಜಾತಿಯ ಕಾರಣಕ್ಕೆ ಬಾವಿಯ ನೀರನ್ನೂ ನಿರಾಕರಿಸಿದ ಸಮಾಜದಲ್ಲಿ, ಆಸ್ಪತ್ರೆ ರೋಗಿಯ ಸಮುದಾಯವನ್ನು ಕೇಳತೊಡಗಿದರೆ ಎಲ್ಲಿಗೆ ಹೋದೀತು ಎಂಬ ಅಂಜಿಕೆ ಸಹಜವಾದದ್ದೇ. ಆದರೆ ಡೆಲಿರಿಯಮ್ ಪರೀಕ್ಷೆಯ ಉದಾಹರಣೆ ತೋರಿಸುವಂತೆ, ಎಲ್ಲರಿಗೂ ಒಂದೇ ಪ್ರಶ್ನೆಯನ್ನು ಒಂದೇ ಭಾಷೆಯಲ್ಲಿ ಕೇಳಿದರೆ ಎಲ್ಲರಿಗೂ ಒಂದೇ ಗುಣಮಟ್ಟದ ಆರೈಕೆ ಸಿಗುವುದಿಲ್ಲ.

ಎರಡನೆಯದು, ಸಂಸ್ಕೃತಿಗಳನ್ನು ಅಧ್ಯಯನ ಮಾಡಿ ತಿಳಿಯಬೇಕೆಂಬ ನಿಲುವು. ಅಮೆರಿಕದ ಮೆಡಲೀನ್ ಲೈನಿಂಜರ್ ಎಂಬ ಶುಶ್ರೂಷಕಿ, ಮಾನವಶಾಸ್ತ್ರಜ್ಞೆ, ಕಳೆದ ಶತಮಾನದ ಎರಡನೆಯ ಅರ್ಧದಲ್ಲಿ ‘ಅಂತರ್‌ಸಾಂಸ್ಕೃತಿಕ ಶುಶ್ರೂಷೆ’ ಎಂಬ ಶಾಖೆಯನ್ನೇ ಕಟ್ಟಿದರು. ರೋಗಿಯ ಆಚಾರವನ್ನು ಹಾಗೆಯೇ ಕಾಪಾಡಬಹುದೇ, ಮಾತುಕತೆಯಿಂದ ಹೊಂದಿಸಿಕೊಳ್ಳಬಹುದೇ, ಇಲ್ಲವೇ ರೋಗಿಯ ಜೊತೆಗೂಡಿ ಬದಲಿಸಬೇಕೇ ಎಂಬ ಅವರ ಮೂರು ದಾರಿಗಳು ಈಗಲೂ ಉಪಯುಕ್ತ. ಹಣೆಯ ವಿಭೂತಿ ಮೊದಲನೆಯದಕ್ಕೆ, ಅರಿಶಿನದ ಕೊಂಬು ಎರಡನೆಯದಕ್ಕೆ, ತಾಯಿತದ ದಾರ ಮೂರನೆಯದಕ್ಕೆ ಸೇರುತ್ತವೆ. ಆದರೆ ಈ ಚಿಂತನೆ ತರಗತಿಗೆ ಇಳಿದಾಗ ‘ಹಿಂದೂಗಳು ಹೀಗೆ, ಮುಸ್ಲಿಮರು ಹಾಗೆ, ಜೈನರು ಗೆಡ್ಡೆ ತಿನ್ನುವುದಿಲ್ಲ’ ಎಂಬ ಪಟ್ಟಿಯಾಗಿ ಬಿಡುತ್ತದೆ. ಪಟ್ಟಿ ಕಲಿತ ಶುಶ್ರೂಷಕಿ ರೋಗಿಯ ಹೆಸರು ನೋಡಿಯೇ ಎಲ್ಲವನ್ನೂ ತೀರ್ಮಾನಿಸುವ ಅಪಾಯವಿದೆ.

ಮೂರನೆಯ ನಿಲುವು ನ್ಯೂಜಿಲೆಂಡಿನಿಂದ ಬಂತು. ಅಲ್ಲಿನ ಮೂಲನಿವಾಸಿ ಮಾವೊರಿ ಸಮುದಾಯದ ಇರಿಹಪೇಟಿ ರಾಮ್ಸ್‌ಡೆನ್ ಎಂಬ ಶುಶ್ರೂಷಕಿ ‘ಸಾಂಸ್ಕೃತಿಕ ಸುರಕ್ಷತೆ’ ಎಂಬ ವಿಚಾರವನ್ನು ಮುಂದಿಟ್ಟರು. 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಅದನ್ನು ಶಿಕ್ಷಣದ ಭಾಗವಾಗಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ವಿವಾದವೇ ಎದ್ದಿತು. ರೋಗಿಯ ಸಂಸ್ಕೃತಿಯನ್ನು ಓದುವ ಮೊದಲು ಶುಶ್ರೂಷಕಿ ತನ್ನ ಸ್ಥಾನವನ್ನು, ತನ್ನ ಕೈಯಲ್ಲಿರುವ ಅಧಿಕಾರವನ್ನು, ತನ್ನ ಪೂರ್ವಗ್ರಹವನ್ನು ನೋಡಿಕೊಳ್ಳಬೇಕು. ಆರೈಕೆ ಸುರಕ್ಷಿತವಾಗಿತ್ತೇ ಎಂದು ಹೇಳುವ ಹಕ್ಕು ರೋಗಿಯದು ಎಂಬುದು ಅದರ ತಿರುಳು. 1998ರಲ್ಲಿ ಅಮೆರಿಕದ ಇಬ್ಬರು ವೈದ್ಯೆಯರು ‘ಸಾಂಸ್ಕೃತಿಕ ವಿನಯ’ ಎಂದು ಕರೆದದ್ದೂ ಇದರ ನೆರೆಮನೆಯ ವಿಚಾರವೇ.

ನಮ್ಮ ಘಟಕಗಳಿಗೆ ಮೂರನೆಯದೇ ಹೆಚ್ಚು ಹೊಂದುತ್ತದೆ ಎಂಬುದು ಈ ಲೇಖನದ ನಿಲುವು. ನೂರಾರು ಜಾತಿ, ಪಂಗಡ, ಒಳಪಂಗಡಗಳ ರಾಜ್ಯದಲ್ಲಿ ಪಟ್ಟಿ ಎಂದೂ ಮುಗಿಯುವುದಿಲ್ಲ. ‘ನಿಮ್ಮ ಮನೆಯಲ್ಲಿ ಇಂಥ ಹೊತ್ತಿನಲ್ಲಿ ಏನು ಮಾಡುತ್ತೀರಿ? ನಾವು ಏನನ್ನು ಮಾಡಬಾರದು?’ ಎಂಬ ಎರಡು ಪ್ರಶ್ನೆಗಳನ್ನು ದಾಖಲಾದ ಮೊದಲ ದಿನವೇ, ಅವರ ಭಾಷೆಯಲ್ಲಿ, ಜಾತಿ ಕೇಳದೆ ಕೇಳುವುದನ್ನು ಕಲಿಸಬಹುದು. ಮೊದಲ ನಿಲುವಿನವರ ಅಂಜಿಕೆಗೂ ಅದರಲ್ಲಿ ಉತ್ತರವಿದೆ.

ಸಂಸ್ಕೃತಿಯ ಹೆಸರಿನಲ್ಲಿ ಅಡಗುವ ಅಧಿಕಾರ

ಮನೆಯವರ ಆಚಾರಕ್ಕೆ ಗೌರವ ಕೊಡುವಾಗ ಮನೆಯೊಳಗಿನ ಅಧಿಕಾರಕ್ಕೂ ಅರಿವಿಲ್ಲದೆ ಮಣೆ ಹಾಕಿದಂತಾಗುವ ಅಪಾಯವಿದೆ. ‘ನಮ್ಮಲ್ಲಿ ಹೆಂಗಸರು ಇಂಥ ವಿಷಯ ಮಾತಾಡುವುದಿಲ್ಲ, ನನ್ನನ್ನೇ ಕೇಳಿ’ ಎಂದು ದೊಡ್ಡಪ್ಪ ಮುಂದೆ ಬಂದಾಗ, ರೋಗಿಯ ಹೆಂಡತಿ ಹಿಂದಿನ ಕುರ್ಚಿಯಲ್ಲಿ ಸೆರಗು ಬಾಯಿಗೊತ್ತಿ ಕುಳಿತಿರುತ್ತಾಳೆ. ಯಾರ ಸಮ್ಮತಿ ಬೇಕೋ ಆ ಹತ್ತಿರದ ಬಂಧುಗಳಲ್ಲಿ ಅವಳೂ ಒಬ್ಬಳು. ಭಾಷಾಂತರ ಮಾಡುವವನೂ ಅದೇ ದೊಡ್ಡಪ್ಪನಾಗಿದ್ದರೆ ವೈದ್ಯರು ಹೇಳಿದ್ದರಲ್ಲಿ ಎಷ್ಟು ಅವಳಿಗೆ ತಲುಪಿತು ಎಂದು ತಿಳಿಯುವ ದಾರಿಯೇ ಇಲ್ಲ. ಬಂಧುಗಳನ್ನು ದುಭಾಷಿಗಳನ್ನಾಗಿ ಬಳಸುವುದು ನಮ್ಮಲ್ಲಿ ಎಷ್ಟು ರೂಢಿಯಾಗಿದೆಯೆಂದರೆ ಅದೊಂದು ತೊಡಕು ಎಂದೇ ಯಾರಿಗೂ ತೋರುವುದಿಲ್ಲ. ಕೆಟ್ಟ ಸುದ್ದಿಯನ್ನು ಅವರು ಮೆತ್ತಗೆ ಮಾಡುತ್ತಾರೆ, ಕೆಲವೊಮ್ಮೆ ಹೇಳುವುದೇ ಇಲ್ಲ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೂ ಆ ಸಮ್ಮತಿ ಪೂರ್ಣ ಸಮ್ಮತಿಯಾಗುವುದಿಲ್ಲ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಪತ್ರದಲ್ಲಿ, ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂಬ ಮಾತಿದೆ. ಆದರೆ ತರಬೇತಿ ಪಡೆದ ವೈದ್ಯಕೀಯ ದುಭಾಷಿ ಎಂಬ ಹುದ್ದೆ ನಮ್ಮ ಆಸ್ಪತ್ರೆಗಳ ಸಿಬ್ಬಂದಿ ಪಟ್ಟಿಯಲ್ಲಿ ಕಾಣುವುದು ವಿರಳ. ಆ ಕೆಲಸವನ್ನು ಆಯಾಗಳು, ವಾರ್ಡ್ ಬಾಯ್‌ಗಳು, ಭದ್ರತಾ ಸಿಬ್ಬಂದಿ ಸಂಬಳವೂ ತರಬೇತಿಯೂ ಇಲ್ಲದೆ ಮಾಡುತ್ತಿದ್ದಾರೆ.

ತರಬೇತಿಯಿಂದ ಫಲವಿದೆಯೇ?

ಇದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕು. ಆರೋಗ್ಯ ಸಿಬ್ಬಂದಿಗೆ ಕೊಡುವ ಸಾಂಸ್ಕೃತಿಕ ತರಬೇತಿಯ ಬಗ್ಗೆ 2014ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಗೆ (ಒಂದು ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿನೋಡುವ ವರದಿ) ಸಿಕ್ಕ ಯಾದೃಚ್ಛಿಕ ಪ್ರಯೋಗಗಳು, ಅಂದರೆ ಚೀಟಿ ಎತ್ತಿದಂತೆ ಗುಂಪು ಮಾಡಿ ಹೋಲಿಸಿದ ಪ್ರಯೋಗಗಳು, ಬರೀ 5. ಸಿಬ್ಬಂದಿಯ ತಿಳಿವಳಿಕೆ ಮತ್ತು ಧೋರಣೆ ಸುಧಾರಿಸುವುದಕ್ಕೆ ಆಧಾರಗಳಿವೆ. ರೋಗಿಯ ಆರೋಗ್ಯವೇ ಸುಧಾರಿಸುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಇನ್ನೂ ಸಾಲದು. ಒಂದು ದಿನದ ಕಾರ್ಯಾಗಾರ ನಡೆಸಿ ಪ್ರಮಾಣಪತ್ರ ಹಂಚಿದರೆ ಬದಲಾವಣೆ ಆಗುವುದಿಲ್ಲ ಎಂಬ ಟೀಕಾಕಾರರ ಮಾತು ಹೀಗಾಗಿ ಸುಳ್ಳಲ್ಲ.

ಆದರೆ ಹತ್ತಿರದ ಇನ್ನೊಂದು ಕ್ಷೇತ್ರದಿಂದ ಬಲವಾದ ಸೂಚನೆ ಇದೆ. ಫ್ರಾನ್ಸಿನ 22 ತೀವ್ರ ನಿಗಾ ಘಟಕಗಳಲ್ಲಿ ಸಾಯುತ್ತಿದ್ದ ರೋಗಿಗಳ ಮನೆಯವರೊಂದಿಗೆ ನಡೆಸುವ ಮಾತುಕತೆಯನ್ನು ಒಂದು ಕ್ರಮಕ್ಕೆ ತಂದು, ಕೈಪಿಡಿಯೊಂದನ್ನು ಕೊಟ್ಟು ಅಧ್ಯಯನ ಮಾಡಲಾಯಿತು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಮಾತುಕತೆಯ ಅವಧಿ 20 ನಿಮಿಷದಿಂದ 30 ನಿಮಿಷಕ್ಕೆ ಏರಿತು. ಅದಕ್ಕಿಂತ ಮುಖ್ಯವಾಗಿ, ಅದರಲ್ಲಿ ಮನೆಯವರು ಮಾತಾಡಿದ ಹೊತ್ತು 5 ನಿಮಿಷದಿಂದ 14 ನಿಮಿಷಕ್ಕೆ ಏರಿತು. ಮೂರು ತಿಂಗಳ ಬಳಿಕ ಆ ಕುಟುಂಬಗಳಲ್ಲಿ ಆಘಾತದ, ಆತಂಕದ, ಖಿನ್ನತೆಯ ಲಕ್ಷಣಗಳು ಕಡಿಮೆಯಿದ್ದವು. ಬ್ರೆಜಿಲಿನ 36 ಘಟಕಗಳಲ್ಲಿ ಭೇಟಿಯ ಸಮಯವನ್ನು ದಿನಕ್ಕೆ 12 ಗಂಟೆಯವರೆಗೆ ವಿಸ್ತರಿಸಿ ನಡೆಸಿದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಗಿಗಳ ಡೆಲಿರಿಯಮ್ ಗಮನಾರ್ಹವಾಗಿ ತಗ್ಗಲಿಲ್ಲ. ಮನೆಯವರ ಆತಂಕ ತಗ್ಗಿತು. ಕೇಳಿಸಿಕೊಳ್ಳುವುದಕ್ಕೆ ಹೊತ್ತು ಕೊಟ್ಟರೆ ಫಲವಿದೆ ಎಂಬುದು ಇವೆರಡರಿಂದಲೂ ತಿಳಿಯುತ್ತದೆ. ಹೊತ್ತು ಎಲ್ಲಿಂದ ಬರಬೇಕು ಎಂಬುದೇ ಇಲ್ಲಿ ಕಗ್ಗಂಟು. ವೆಂಟಿಲೇಟರಿನಲ್ಲಿರುವ ಒಬ್ಬ ರೋಗಿಗೆ ಒಬ್ಬ ಶುಶ್ರೂಷಕಿ ಎಂಬ ಮಾನದಂಡ ಮುರಿದು, ಮೂವರನ್ನು ನೋಡಿಕೊಳ್ಳುತ್ತಿರುವವರಿಗೆ ‘ಸಮಾಧಾನವಾಗಿ ಮಾತಾಡಿ’ ಎಂದು ತರಬೇತಿ ಕೊಡುವುದು ಅವರ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ.

ಪಠ್ಯಕ್ರಮ ಮತ್ತು ಕನ್ನಡ

ಭಾರತೀಯ ನರ್ಸಿಂಗ್ ಪರಿಷತ್ತಿನ ಪರಿಷ್ಕೃತ ಬಿಎಸ್‌ಸಿ ನರ್ಸಿಂಗ್ ಪಠ್ಯಕ್ರಮದ ಮೊದಲ ಸೆಮಿಸ್ಟರಿನಲ್ಲೇ ಸಂವಹನದ ಇಂಗ್ಲಿಷ್ ಕಡ್ಡಾಯ ವಿಷಯ. ಸಮಾಜಶಾಸ್ತ್ರದಲ್ಲಿ ಸಂಸ್ಕೃತಿ ಮತ್ತು ಆರೋಗ್ಯದ ಸಂಬಂಧದ ಪಾಠವೂ ಇದೆ. ಆದರೆ ರೋಗಿಯ ಭಾಷೆ ಪ್ರತ್ಯೇಕ ವಿಷಯವಾಗಿ ಅಲ್ಲಿಲ್ಲ. ಎಂಬಿಬಿಎಸ್ ವಿದ್ಯಾರ್ಥಿಗಳಿಗಾದರೋ 2019ರಿಂದ ಆರಂಭಿಕ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಕಲಿಯುವ ಅವಕಾಶ ಕಲ್ಪಿಸಲಾಗಿದೆ. ರೋಗಿಯೊಂದಿಗೆ ಹೆಚ್ಚು ಹೊತ್ತು ಇರುವವರಿಗೇ ಅದು ಇಲ್ಲದಿರುವುದು ವಿಚಿತ್ರ.

ಇಲ್ಲಿ ತರಬೇತಿ ಪಡೆದು ಬ್ರಿಟನ್ನಿಗೋ ಐರ್ಲೆಂಡಿಗೋ ಹೋಗುವ ಮಂಗಳೂರಿನ ಶುಶ್ರೂಷಕಿ ಅಲ್ಲಿನ ರೋಗಿಯೊಂದಿಗೆ ಮಾತಾಡಬಲ್ಲೆ ಎಂದು ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ತೋರಿಸಬೇಕು. ಬ್ರಿಟನ್ನಿನ ಶುಶ್ರೂಷಾ ಸಂಹಿತೆಯಲ್ಲಿ ರೋಗಿಗಳ ಭಾಷಾ ಅಗತ್ಯವನ್ನು ಪೂರೈಸಲು ಯತ್ನಿಸಬೇಕೆಂಬ ಹೊಣೆಯೂ ಬರೆದಿದೆ. ಕಲಬುರಗಿಯ ರೋಗಿಗೆ ಅಷ್ಟು ಹಕ್ಕು ಇರಬೇಡವೇ? ಇರಬೇಕು. ಆದರೆ ಅದನ್ನು ಹೊರರಾಜ್ಯದ ಶುಶ್ರೂಷಕಿಯರ ವಿರುದ್ಧದ ಅಸ್ತ್ರವನ್ನಾಗಿ ಬಳಸಿದರೆ ಆಗುವುದು ನಷ್ಟವೇ. ಅವರಿಲ್ಲದಿದ್ದರೆ ನಮ್ಮ ಅನೇಕ ಘಟಕಗಳು ಒಂದು ಪಾಳಿಯನ್ನೂ ನಡೆಸಲಾರವು. ಕನ್ನಡ ಕಲಿಸುವ ಹೊಣೆ ಅವರನ್ನು ಓದಿಸಿ ಶುಲ್ಕ ಪಡೆದ ಕಾಲೇಜಿನದು, ಕೆಲಸಕ್ಕಿಟ್ಟುಕೊಂಡ ಆಸ್ಪತ್ರೆಯದು. ಕೆಲಸದ ಅವಧಿಯಲ್ಲೇ, ಸಂಬಳ ಸಹಿತ, ಹಾಸಿಗೆಯ ಪಕ್ಕ ಬೇಕಾಗುವ ಇನ್ನೂರು ಮುನ್ನೂರು ವಾಕ್ಯಗಳಿಂದ ಆರಂಭಿಸಿ ಕಲಿಸುವುದು ದುಬಾರಿಯಲ್ಲ.

ಮುಂದೆ ಆಗಬಹುದಾದದ್ದು

ಆದೇಶ ಜಾರಿಯಲ್ಲಿದ್ದು ಶುಶ್ರೂಷಕರ ತರಬೇತಿ ಈಗಿನಂತೆಯೇ ಉಳಿದರೆ ಮೂರು ಪರಿಣಾಮಗಳನ್ನು ನಿರೀಕ್ಷಿಸಬಹುದು. ಮೊದಲನೆಯದಾಗಿ, ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಒಪ್ಪಿದ ಕುಟುಂಬದ ಒಂದು ಭಾಗ ಆಮೇಲೆ ‘ನಮಗೆ ಹೇಳಲೇ ಇಲ್ಲ’ ಎಂದು ತಿರುಗಿ ಬೀಳುತ್ತದೆ. ಘಟಕದ ಬಾಗಿಲ ಬಳಿ ನಡೆಯುವ ಹಲ್ಲೆಗಳ ಹಿಂದೆ ಹಣದ ಸಿಟ್ಟಿನಷ್ಟೇ ಅರ್ಥವಾಗದ ಮಾತಿನ ಸಿಟ್ಟೂ ಇರುತ್ತದೆ. ಎರಡನೆಯದಾಗಿ, ಆ ಭಯಕ್ಕೆ ಆಸ್ಪತ್ರೆಗಳು ಈ ಕ್ರಮವನ್ನೇ ಬಳಸದೆ, ‘ಸ್ವಂತ ಇಚ್ಛೆಯಿಂದ ಬಿಡುಗಡೆ’ ಎಂಬ ಕಾಗದಕ್ಕೆ ಸಹಿ ಹಾಕಿಸಿ ಕಳುಹಿಸುವ ಹಳೆಯ ದಾರಿಯನ್ನೇ ಹಿಡಿಯುತ್ತವೆ. ‘ಮನೆಗೆ ಕರೆದುಕೊಂಡು ಹೋಗುತ್ತೇವೆ’ ಎಂದವರು ನೋವು ನಿವಾರಕವಿಲ್ಲದೆ, ಆಕ್ಸಿಜನ್ ಇಲ್ಲದೆ, ಆಂಬುಲೆನ್ಸಿನಲ್ಲಿ ಇನ್ನೂರು ಕಿಲೋಮೀಟರ್ ಸಾಗುತ್ತಾರೆ. ಮೂರನೆಯದಾಗಿ, ಈ ಎಲ್ಲದರ ನಡುವೆ ನಿಂತ ಶುಶ್ರೂಷಕಿಯರು ದಣಿದು ಕೆಲಸ ಬಿಡುತ್ತಾರೆ. ಅನುಭವಿಗಳು ಹೋದಷ್ಟೂ ಹಾಸಿಗೆಯ ಪಕ್ಕದ ಮಾತು ಇನ್ನಷ್ಟು ಬಡವಾಗುತ್ತದೆ.

ತರಬೇತಿ ಇದ್ದರೆ ಕೊನೆಯ ಗಂಟೆ ಹೇಗಿರಬಹುದು ಎಂಬುದನ್ನೂ ಹೇಳಬೇಕು. ಮಂಡಳಿಗಳು ಒಪ್ಪಿವೆ, ಮನೆಯವರು ಒಪ್ಪಿದ್ದಾರೆ. ಅಮಾವಾಸ್ಯೆ ಕಳೆಯಲಿ ಎಂದು ಹೆಂಡತಿ ಕೇಳಿದ್ದಕ್ಕೆ ಘಟಕದವರು ಒಂದು ರಾತ್ರಿ ಕಾದಿದ್ದಾರೆ. ಅದರಿಂದ ರೋಗಿಗೆ ನೋವಾಗದಂತೆ ಔಷಧ ನಡೆಯುತ್ತಿದೆ. ಬೆಳಿಗ್ಗೆ ಪರದೆ ಎಳೆದು, ಅಲಾರಂಗಳ ಸದ್ದು ತಗ್ಗಿಸಿ, ಇಬ್ಬರೇ ಎಂಬ ನಿಯಮ ಸಡಿಲಿಸಿ ಐವರನ್ನು ಒಳಗೆ ಬಿಡುತ್ತಾರೆ. ಮಗ ತಾಮ್ರದ ಗಿಂಡಿಯಲ್ಲಿ ತೀರ್ಥ ತಂದಿದ್ದಾನೆ, ಬಾಯಿಗೆ ಬಿಡಬೇಕು ಎನ್ನುತ್ತಾನೆ. ಗಂಟಲಲ್ಲಿ ನಳಿಕೆಯಿದೆ. ಶುಶ್ರೂಷಕಿ ಹತ್ತಿ ಸುತ್ತಿದ ಕಡ್ಡಿಯನ್ನು ಆ ಗಿಂಡಿಯಲ್ಲಿ ಅದ್ದಿ ಅವನ ಕೈಗೆ ಕೊಟ್ಟು, ‘ತುಟಿಗೆ, ನಾಲಿಗೆಗೆ ಹೀಗೆ ಸವರಿ’ ಎಂದು ಅವನಿಗೆ ತಿಳಿಯುವ ಕನ್ನಡದಲ್ಲಿ ತೋರಿಸುತ್ತಾರೆ. ಆಮೇಲೆ ಅದೇ ಕಡ್ಡಿಯನ್ನು ಅವನು ತಾಯಿಯ ಕೈಗೆ ಕೊಡುತ್ತಾನೆ.